ಹೂವಿನ ಹಾಜರಿ

ಐಸಿಯು ಒಳಗೆ ಹೂವಿಗೆ ಪ್ರವೇಶವಿಲ್ಲ.
ಆದರೂ ತರುತ್ತಾರೆ, ಮಗುವಿನ ಹಾಗೆ ಎತ್ತಿಕೊಂಡು.
ಬಾಗಿಲಲ್ಲೇ ಇಸಕೊಂಡು
ಬೆಂಚಿನ ಕೆಳಗೆ ಸಾಲಾಗಿ ಇಡುತ್ತೇನೆ.
ಒಂದೊಂದಕ್ಕೂ ಮಿರುಗುವ ಕಾಗದ, ರಿಬ್ಬನ್ನು,
‘ಬೇಗ ಗುಣವಾಗಿ’ ಎಂಬ ಚೀಟಿ.
ಒಳಗಿನವರು ಗುಣವಾಗುತ್ತಾರೆ, ಕೆಲವರು ಆಗುವುದಿಲ್ಲ.
ಹೂವು ಕೇಳಲು ಯಾರೂ ತಿರುಗಿ ಬರುವುದಿಲ್ಲ.

ರಾತ್ರಿಪಾಳಿ ಮುಗಿದ ಒಂದು ಬೆಳಗ್ಗೆ
ಗುಡಿಸುವ ಶಾಲನ್ ಬಾಯಿ ಕಸದ ಚೀಲ ಬಿಡಿಸಿದಾಗ
ತಡೀ ಅಂದೆ, ಅದೊಂದು ನನಗಿರಲಿ.
ಪರೇಲಿನಿಂದ ಭಾಂಡುಪಿನವರೆಗೆ
ಮಡಿಲಲ್ಲಿಟ್ಟುಕೊಂಡು ಕೂತೆ.
ಎದುರಿನ ಹೆಂಗಸು ಬಟಾಣಿ ಸುಲಿಯುತ್ತ ಕೇಳಿದಳು,
‘ಹುಟ್ಟುಹಬ್ಬವೇ?’
ಹೌದೆಂದೆ. ಯಾರದೆಂದು ಕೇಳಲಿಲ್ಲ, ಪುಣ್ಯ.

ಮನೆಯಲ್ಲಿ ಅಕ್ಕ.
ಮೂವತ್ತೊಂದು ವರ್ಷ ಮುನ್ಸಿಪಾಲಿಟಿ ಶಾಲೆಯಲ್ಲಿ
ಕನ್ನಡ ಕಲಿಸಿದವಳು.
ಕಳೆದ ಜೂನಿನಲ್ಲಿ ಒಂದನೇ ಇಯತ್ತೆಗೆ ಮೂರೇ ಹೆಸರು,
ಆಮೇಲೆ ಶಾಲೆಯೇ ಇಲ್ಲ.
ಬೀಗ ಬಿದ್ದ ದಿನ ಸೀಮೆಸುಣ್ಣದ ಡಬ್ಬಿ ತಂದು
ಕಪಾಟಿನ ಮೇಲಿಟ್ಟಳು. ಅಂದಿನಿಂದ ಗೋಡೆಗೆ ಮುಖ.
ಬಡಿಸಿದರೆ ಉಣ್ಣುತ್ತಾಳೆ, ಬಾಚಿದರೆ ತಲೆ ಕೊಡುತ್ತಾಳೆ.
ಹೂಂ ಅನ್ನುತ್ತಾಳೆ, ಉಹೂಂ ಅನ್ನುತ್ತಾಳೆ;
ಎರಡರ ನಡುವಿನ ವರ್ಣಮಾಲೆಯನ್ನು
ಎಲ್ಲಿ ಕಳಚಿಟ್ಟಳೋ.

ಕಾಗದ ಹರಿದೆ. ಸ್ಪಂಜಿಗೆ ಚುಚ್ಚಿದ ದಂಟುಗಳನ್ನು
ಒಂದೊಂದಾಗಿ ಎಳೆದೆ, ಸಲೈನಿನ ಸೂಜಿ ತೆಗೆವ ಹಾಗೆ,
ನೋಯದಂತೆ.
ಉಪ್ಪಿನಕಾಯಿ ಭರಣಿಗೆ ನೀರು ತುಂಬಿ
ಅವಳು ನೋಡುವ ಆ ಗೋಡೆಗೇ ತಾಗಿಸಿ ನಿಲ್ಲಿಸಿದೆ.

ನಮ್ಮಲ್ಲಿ ಹೂವೆಂದರೆ ದೇವರಿಗೆ,
ಇಲ್ಲ ಜಡೆಗೆ,
ಇಲ್ಲವೆ ಕೊನೆಗೊಮ್ಮೆ ಚಟ್ಟಕ್ಕೆ.
ಸುಮ್ಮನೆ ನೀರಲ್ಲಿ ನಿಂತ ಹೂವಿಗೆ
ಅಮ್ಮನ ಕಾಲದಿಂದಲೂ ಜಾಗ ಇರಲಿಲ್ಲ.
ಮೂರನೆಯ ದಿನ ಅಕ್ಕ ಕೇಳಿದಳು:
‘ಯಾರಿಗೆ ಇದು?’
‘ಸುಮ್ಮನೆ.’
‘ಸುಮ್ಮನೆ ಅಂದರೆ?’
ಉತ್ತರ ಹೊಳೆಯದೆ ಕುಕ್ಕರ್ ಇಟ್ಟೆ.

ಮರುದಿನ ನೀರು ನಾರತೊಡಗಿತು.
ಗೊಣಗುತ್ತ ಎದ್ದು, ಭರಣಿ ಎತ್ತಿಕೊಂಡು
ಮೋರಿಗೆ ಹೋದಳು. ಅಲ್ಲಿಂದಲೇ ಕೂಗಿದಳು,
‘ಈ ಉದ್ದ ಕಡ್ಡಿಯದಕ್ಕೆ ಏನಂತಾರೆ?’
‘ಜರ್ಬೆರಾ.’
‘ಕನ್ನಡದಲ್ಲಿ?’
‘ಕನ್ನಡದಲ್ಲಿ ಇಲ್ಲ ಅಕ್ಕ.’
ನಲ್ಲಿ ನಿಂತಿತು.
‘ಇಲ್ಲ ಅಂದರೆ?’
ಅದು ತರಗತಿಯ ದನಿ,
ನಲವತ್ತು ಮಕ್ಕಳ ಗದ್ದಲವನ್ನು
ಒಂದೇ ಏಟಿಗೆ ಅಡಗಿಸುತ್ತಿದ್ದ ದನಿ.
ಎಂಟು ತಿಂಗಳಾಗಿತ್ತು ನಾನದನ್ನು ಕೇಳಿ.

ಆ ಸಂಜೆ ಹಾಜರಿ ಶುರುವಾಯಿತು.
ಜರ್ಬೆರಾ, ಇನ್ನು ಮೇಲೆ ಕಡ್ಡಿಸೂರ್ಯ.
ಕಾರ್ನೇಶನ್ನು ನೆರಿಗೆಹೂ, ‘ನೋಡು,
ಸೀರೆ ಉಡಲು ಬರದವಳು ಹಿಡಿದ ನೆರಿಗೆ.’
ಬಿಳಿ ಪುಡಿಪುಡಿ ಜಿಪ್ಸಿ ಚುರುಮುರಿ.
ಕೆಂಪಗೆ ನಾಲಿಗೆ ಚಾಚಿ ನಿಂತ ಆಂಥೂರಿಯಮ್ಮಿಗೆ
ಹೆಸರೇ ಹುಡುಕಲಿಲ್ಲ:
‘ಇವನು ನಮ್ಮ ಸಿದ್ಧಾರೂಢ, ಕೊನೇ ಬೆಂಚು.’
ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ,
ನಾನು ಆಚೆ ತಿರುಗಿ ಚಹಾ ಸೋಸುತ್ತಿದ್ದೆ.

ಎಲ್ಲ ಸರಿಹೋಯಿತು ಅನ್ನಲಾರೆ.
ಈಗಲೂ ಕೆಲವು ಬೆಳಗ್ಗೆ ಗೋಡೆಯೇ ಗೆಲ್ಲುತ್ತದೆ.
ಹೂವು ಔಷಧಿಯಲ್ಲ; ಔಷಧಿ ಕೊಡುವವಳು ನಾನು,
ಗೊತ್ತಿದೆ.
ಐದನೇ ದಿನ ಕತ್ತು ಚೆಲ್ಲುತ್ತದೆ, ಅದೂ ಗೊತ್ತಿದೆ.

ಮೊನ್ನೆ ಯಾರೂ ಹೂ ತಂದಿರಲಿಲ್ಲ. ಬರಿಗೈಯಲ್ಲಿ ಬಂದೆ.
ಬಾಗಿಲಿಗೆ ಬೀಗ.
ಎದೆ ಧಸಕ್ಕೆಂದು ಮೆಟ್ಟಿಲ ಮೇಲೇ ಕುಸಿದೆ.
ಒಂಬತ್ತೂವರೆಗೆ ಅಕ್ಕ ಹತ್ತಿ ಬಂದಳು,
ತಲೆ ತಾನೇ ಬಾಚಿಕೊಂಡು, ಬೈತಲೆ ಸೊಟ್ಟ,
ದಾದರಿನ ಹೂಸಂತೆಯಿಂದ
ಹಳೇ ಪೇಪರಿನಲ್ಲಿ ಸುತ್ತಿದ ಸುಗಂಧರಾಜ ಹಿಡಿದು.
‘ಐವತ್ತು ಅಂದ. ನಲವತ್ತಕ್ಕೆ ಇಳಿಸಿದೆ.
ಇದಕ್ಕಾದರೆ ಹೆಸರಿದೆ.’
ರಿಬ್ಬನ್ನಿಲ್ಲ, ಚೀಟಿಯಿಲ್ಲ.
ಬೀಗ ತೆಗೆದು ಒಳಗೆ ಕೂತು
‘ಮೊದಲು ನೀರು ತಾ, ಬಾಯಾರಿದೆ’ ಅಂದಳು.
ಅವಳಿಗೋ ಹೂವಿಗೋ ಕೇಳಲಿಲ್ಲ.
ಎರಡು ಚೊಂಬು ತಂದೆ.