ಕೂದಲ ಮಲಗಿದ ದಿಕ್ಕು

ಗಾಂಧಿ ಚೌಕದ ಹಿಂದ, ಒಣದ್ರಾಕ್ಷಿ ಗೋದಾಮಿನ ಮ್ಯಾಲ
ನಮ್ಮ ಕ್ಲಿನಿಕ್ಕು. ಮೆಟ್ಟಲಾ ಏರಿ ಬಂದವರ ಮೂಗಿಗೆ
ಮೊದಲ ದ್ರಾಕ್ಷಿ ಸಿಹಿ, ಆಮ್ಯಾಲ ಸುಟ್ಟ ಕೂದಲಿನ ವಾಸನಿ.
ದಿನಾ ಎಂಟ ತಾಸು ಕುಂಡ್ರೋ ನನಗ
ಈಗ ಎರಡೂ ಗೊತ್ತಾಗೂದುಲ್ಲ.

ನೀಲಗಂಗಾ ಬಂದದ್ದು ಊಟದ ಹೊತ್ತಿನ್ಯಾಗ,
ಆವಾಗ ಯಾರೂ ಇರೂದುಲ್ಲಂತ ಫೋನಿನ್ಯಾಗ ಕೇಳಿಕೊಂಡು.
ಇಂಡಿ ಡಿಪೋದ ಕಂಡಕ್ಟರು. ಖಾಕಿ ಅಂಗಿ,
ಹಲ್ಲು ಬ್ಯಾನಿ ಇದ್ದವರಂಗ ಗದ್ದಕ್ಕ ಒತ್ತಿ ಹಿಡದ ಕರವಸ್ತ್ರ.
ಸರಿಸಿದಳು.
ಕೊಯ್ದ ಹೊಲದಾಗ ಉಳದ ಜೋಳದ ಕೂಳಿ,
ಬರಿಗಾಲಿಗೆ ಚುಚ್ಚೂವಂಥಾದ್ದು.

"ಚಿಮಟಿಗಿಲೆ ಕಿತ್ತೇನಿ. ದಾರಾ ಹಾಕಿಸೇನಿ.
ಈಗ ಮಷೀನು. ಡಿಪೋ ಬಚ್ಚಲದಾಗ
ನಳಾ ಪೂರಾ ಬಿಟ್ಟು ಹಚ್ಚತೇನಿ, ಸಪ್ಪಳ ಕೇಳಬಾರದಂತ.
ಬಾಳ ನೀರು ಹೋಗತೈತಿ ರೀ."
ನನ್ನ ಅಂಗೈಯಾಗ ಇಟ್ಟಳು, ಗುಂಡಿ ಒತ್ತಿದೆ:
ಬೆಂಕಿಪೆಟ್ಟಿಗ್ಯಾಗ ಸಿಕ್ಕ ದುಂಬಿ.

ಒತ್ತಬ್ಯಾಡ್ರಿ, ಅಂದೆ. ಉರಟ ಕೂದಲ
ಒತ್ತಿದಷ್ಟೂ ಒಳಗ ತಿರಗತಾವ, ಗುಳ್ಳಿ ಏಳತಾವ.
ಒಂದ ಕೈಲೆ ಚರ್ಮ ಎಳದು
ಮಲಗಿದ ದಿಕ್ಕಿಗೇ ಹೋಗ್ರಿ. ಎದರ ಬ್ಯಾಡ.
ಇದು ಕೋರ್ಸಿನ್ಯಾಗ ಕಲಿಸಿದ್ದಲ್ಲ.
ತಾಳಿಕೋಟಿ ಸಂತಿಯೊಳಗ, ಬೇವಿನ ಗಿಡದ ಬುಡಕ
ನಲವತ್ತ ವರ್ಷ ಕತ್ತಿ ಮಸದ ಅಪ್ಪಂದು.

ಮಷೀನ ಬಂದ ವರ್ಷ ಅಪ್ಪ ಕೇಳಿದ್ದ:
"ತಿರುಗಿ ಬರೂದ ಇಲ್ಲೇನು?"
ಬಾಳ ಕಡಿಮಿ ಆಗತೈತಿ, ಅಂದೆ.
"ಹುಚ್ಚಿ. ತಿರುಗಿ ಬರತಿತ್ತಂತ ನೀ ಸಾಲಿ ಕಲತಿ."

ಆಮ್ಯಾಲ, ಕಡ್ಡಿಲೆ ಹಲ್ಲ ಚುಚ್ಚಿಕೋತ,
ನನ್ನ ಮಾರಿ ನೋಡದನ:
"ಒಂದ ಮನಿ ಇತ್ತು. ಹಿತ್ತಲ ಬಾಗಲಾ.
ಎಂಟ ದಿನಕ್ಕೊಮ್ಮೆ, ದನಾ ಕಟ್ಟಿದ ಮ್ಯಾಲ.
ದೀಪಾ ಹಚ್ಚಗೊಡತಿರಲಿಲ್ಲ ಅಕಿ.
ಬೆರಳಿಲೆ ನೋಡೂದು, ಕತ್ತಿಲೆ ತಗಿಯೂದು.
ಹನ್ನೊಂದ ವರ್ಷ. ಒಂದ ಹನಿ ರಕ್ತ ಬಿದ್ದಿಲ್ಲ.
ಸುಗ್ಗಿಗೆ ಆಯಕ್ಕ ಹೋದ್ರ ಒಳಗಿಂದ ದನಿ ಬರತಿತ್ತು,
ಇನ್ನೊಂದ ಸೇರು ಹಾಕ್ರಿ ಅವಗ, ಅಂತ.
ಯಾಕಂತ ಗೊತ್ತಿರಲಿಲ್ಲ,
ಅಳದ ಹಾಕವಗ."

ಯಾರಪಾ ಅಕಿ?
ಅಪ್ಪ ಕಡ್ಡಿ ಒಗದ.

ನೀಲಗಂಗಾಗ ಕರೀ ಕನ್ನಡಕ ಹಾಕಿದೆ, ತಣ್ಣನ ಜೆಲ್ ಹಚ್ಚಿದೆ.
ರಬ್ಬರ ಬ್ಯಾಂಡ ಜಗ್ಗಿ ಹೊಡದಂಗ ಆಗತೈತಿ ನೋಡ್ರಿ.
ಬೆಳಕಿಗೆ ಕರೀದ ಬೇಕು. ಕೂದಲಾನೂ ಕರೀದು,
ಬಿಸಲಾಗ ತಿರಗೂ ನಮ್ಮ ಮಂದಿ ತೊಗಲೂ ಕರೀದು,
ಅದಕ್ಕ ಅವಸರ ಮಾಡಿದ್ರ ಸುಡತೈತಿ.
ಹಲ್ಲ ಕಚ್ಚಿ ಮಲಗಿದ್ದಳು. ನಡುವ ಒಮ್ಮೆ ನಕ್ಕಳು:
"ಹಿಂದಿನ ಸೀಟಿಂದ ಒಬ್ಬ ಮುದುಕ
ದಿನಾ ಅಣ್ಣಾ ಅಂತ ಕರೀತಾನ.
ಕಣ್ಣ ಕಾಣೂದುಲ್ಲ ಪಾಪ. ಓ ಅಂತೇನಿ."

ರಿಜಿಸ್ಟರಿನ್ಯಾಗ ನೀ.ಗಂ. ಅಂತಷ್ಟ ಬರದೆ.
ಆರು ವಾರಕ್ಕೊಮ್ಮೆ ಬಂದಳು. ಐದನೇದಕ್ಕ
ಕೂಳಿ ಹೋಗಿ ನುಸಿಯಂಥಾ ರೋಮ.
ಮೂರ ಬಿಳೇವು ಮಾತ್ರ ನಿಂತಾವ ಹಂಗ,
ಬೆಳಕು ಅವನ್ನ ದಾಟಿ ಹೋಗತೈತಿ.
ಮಷೀನಿಗೆ ಕಾಣೂದುಲ್ಲರೀ, ಅಂದೆ.
"ಮಂದಿಗೆ ಕಾಣಲಿ ತಗೋ," ಅಂದಳು.

ಶ್ರಾವಣದಾಗ ತಂಗಿ ಮನಿಗಂತ ಇಂಡಿ ಬಸ್ಸ ಹತ್ತಿದೆ.
ಕಾಲ ಇಡಾಕ ಜಾಗಾ ಇಲ್ಲ, ಯಾರದೋ ಕೋಳಿ, ಯಾರದೋ ಕೂಸು.
ಕರವಸ್ತ್ರ ಈಗ ಮುಂಗೈಗೆ ಕಟ್ಟ್ಯಾಳ.
"ಆಧಾರ ತೋರಸ್ರಿ."
ಫೋಟೋ ನೋಡಿದಳು, ನನ್ನ ಮಾರಿ ನೋಡಿದಳು,
ಎಲ್ಲಾರ್ನೂ ನೋಡಿದಂಗ.
ಸೊನ್ನೆ ಟಿಕೀಟ ಹರದು ಕೊಟ್ಟು ಮುಂದ ಸರದಳು.
ನಾನೂ ಕಿಟಕಿ ಹೊರಗ ತೊಗರಿ ಹೊಲಾ ನೋಡಿದೆ.

ಇಳಿಯೂ ಮುಂದ ಸೀಟಿ ಬಾಯಾಗ ಇಟ್ಟಕೊಂಡು,
ಮುಂದಿನ ಸ್ಟಾಪಿನ ಹೆಸರ ಹೇಳವರಂಗ, ಸಣ್ಣಗ:
"ಬುಧವಾರ ಡ್ಯೂಟಿ ಐತಿ.
ಗುರುವಾರ ಬರತೇನಿ."