ಎಲ್ ಎಂಬ ಕಾಲಂ

ಶುಕ್ರವಾರ ಬೆಳಗ್ಗೆ ಏಳಕ್ಕೆಲ್ಲ ನಿಜ್ವಾದ ಸಂತೆಯಲ್ಲಿ
ಆಡುಗಳು ಸುತ್ತು ಹೊಡೆಯುತ್ತಿರುತ್ತವೆ.
ಕಟ್ಟೆಯ ಮೇಲೆ ಕೂತವರು ಕೈಚಾಚಿ ಕೆಚ್ಚಲು ಹಿಸುಕುತ್ತಾರೆ,
ತುಟಿ ಎತ್ತಿ ಹಲ್ಲು ನೋಡುತ್ತಾರೆ.
ಅರ್ಬಾಬ್ ಹಮೂದರ ಹಿಂದೆ ನಾನು,
ಕಂಕುಳಲ್ಲಿ ತಳಿ ಪುಸ್ತಕ, ಕಿವಿಯ ಸಂದಿಗೆ ಪೆನ್ನು.

ಅವರಿಗೆ ಮೂರು ಮರಿ ಹಾಕುವ ಆಡೇ ಬೇಕು.
ಮರಿಗೆ ಅರವತ್ತು ರಿಯಾಲ್, ಮೂರಕ್ಕೆ ನೂರೆಂಬತ್ತು:
ಅವರ ಲೆಕ್ಕ ಬೆರಳ ತುದಿಯಲ್ಲೇ ಮುಗಿಯುತ್ತದೆ.
ನನ್ನದು ಆಮೇಲೆ ಶುರು.
ಕುದುರೆಮೆಂತ್ಯದ ಕಟ್ಟು, ಟ್ಯಾಂಕರಿನ ನೀರು,
ಹಾಲುಪುಡಿಯ ಡಬ್ಬ, ರಾತ್ರಿ ಬಾಟಲಿ ಹಿಡಿದು ಕೂರುವ
ರಫೀಕುಲನ ಓವರ್‌ಟೈಮು.
ಆಡಿಗೆ ಮೊಲೆ ಎರಡೇ.

ಶಿರ್ವದ ಲೆತ್ತಿ ಬಾಯಿ, ನನ್ನಪ್ಪನ ಅಕ್ಕ,
ತಳಿಗೆಂದು ಹೆಣ್ಣುಮರಿ ಆರಿಸುವಾಗ
ಅಂಗಾತ ಹಿಡಿದು ಮೊಲೆ ಎಣಿಸುತ್ತಿದ್ದಳು.
ಹನ್ನೆರಡಕ್ಕೆ ಒಂದು ಕಮ್ಮಿಯಾದರೂ ಅದು ಮದುವೆಮನೆಗೆ.
ಅಷ್ಟಕ್ಕೇ ಬಿಡುತ್ತಿರಲಿಲ್ಲ. ಮೊದಲ ಸೂಲಿನ ರಾತ್ರಿ
ಲಾಟೀನು ಹಿಡಿದು ಗೂಡಿನ ಬಾಗಿಲಲ್ಲಿ ಕೂತು ನೋಡುವಳು:
ಧೊಪ್ಪನೆ ಬೀಳುತ್ತಾಳೋ,
ಮೊಣಕಾಲೂರಿ, ಮೂತಿಯಿಂದ ಮರಿಗಳನ್ನು ಸರಿಸಿ,
ಮೆಲ್ಲಗೆ ಒರಗುತ್ತಾಳೋ.

"ಹದಿನಾಲ್ಕು ಹೆತ್ತವಳು ಐದನ್ನು ಅಡಿಗೆ ಹಾಕಿಕೊಂಡರೂ
ಒಂಬತ್ತು ಉಳಿಯಿತಲ್ಲ ಬಾಯಿ,
ಇವಳು ಹೆತ್ತದ್ದೇ ಒಂಬತ್ತು!" ಎಂದಿದ್ದೆ ಒಮ್ಮೆ,
ಶಾಲೆಯಲ್ಲಿ ಆಗಷ್ಟೇ ಕಳೆಯುವುದು ಕಲಿತವನು.
"ಸತ್ತ ಐದನ್ನು ಹೊರಲು ತಿಂದ ತವುಡಿಗೆ
ದುಡ್ಡು ನಿನ್ನಪ್ಪ ಕೊಡುತ್ತಾನಾ?"

ಇದನ್ನೇ ಹಮೂದರಿಗೆ ಹೇಳಿದೆ, ಮುರುಕು ಅರಬಿಯಲ್ಲಿ,
ಹದಿನಾಲ್ಕು, ಒಂಬತ್ತು, ತವುಡು ಎಲ್ಲ ಸೇರಿಸಿ.
"ಯಾರ ಮಾತು ಇದು?"
"ನನ್ನ ಅತ್ತೆಯದು."
"ಏನು ಸಾಕಿದ್ದಳು?"
ಕೋಟೆಯ ಬುರುಜಿನಿಂದ ಬಿಸಿಲು ಒಂದು ಕಲ್ಲು ಕೆಳಗಿಳಿಯಿತು.
"ಆಡು," ಎಂದೆ.
"ಹದಿನಾಲ್ಕು ಹೆರುವ ಆಡು?"

ನಾನು ಪುಸ್ತಕದ ಹಾಳೆ ತಿರುವಿದೆ.
ಅವರು ನನ್ನನ್ನೇ ನೋಡಿದರು, ಆಮೇಲೆ ಲೋಟವನ್ನು,
ಆಮೇಲೆ ಕಾಫಿ ಮುಗಿಸಿ, ಇನ್ನು ಸಾಕೆಂದು
ಲೋಟ ಅಲ್ಲಾಡಿಸಿ ಕೊಟ್ಟರು.

ಆ ವಾರ ಹಾಳೆಯಲ್ಲಿ ಹೊಸ ಕಾಲಂ ಎಳೆದೆ,
ಹಾಲು, ತೂಕ, ಗೊರಸುಗಳ ಪಕ್ಕ:
ಮರಿಯ ದನಿಗೆ ಎಷ್ಟು ಬೇಗ ಏಳುತ್ತಾಳೆ,
ಮೆಲುಕು ನಿಲ್ಲಿಸುತ್ತಾಳೋ ಇಲ್ಲವೋ,
ಹತ್ತಕ್ಕೆ ಎಷ್ಟು ಅಂಕ.
ತಲೆಬರಹ ಒಂದೇ ಅಕ್ಷರ, ಎಲ್.

"ಎಲ್ ಅಂದರೆ?"
"ಲಬನ್," ಎಂದೆ.
"ಹಾಲಿನ ಕಾಲಂ ಆಗಲೇ ಇದೆಯಲ್ಲ."
ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.
"ಇರಲಿ. ಮೊತ್ತಕ್ಕೆ ಸೇರಿಸುವಾಗ
ಇದನ್ನು ಎರಡರಿಂದ ಗುಣಿಸು."