ಗೇಟಿನ ಕರಿಹಲಗೆ

ಬಳ್ಳಾರಿಯ ಬಿಸಿಲು ಏಳಕ್ಕೇ ಗೋಡೆ ಹತ್ತಿ ಕೂತಿರುತ್ತದೆ.
ಒದ್ದೆ ಬಟ್ಟೆಯಿಂದ ಹಲಗೆ ಒರೆಸುತ್ತೇನೆ,
ನಿನ್ನೆಯವರನ್ನು ಅಳಿಸಿ ಇವತ್ತಿನವರನ್ನು ಬರೆಯಬೇಕು.
ಬಹುಪಾಲು ಅವರೇ ಇವರು.

ಜಾಗ ಇಷ್ಟು. ಶಿಕ್ಷೆಯಾದವರು ಇಷ್ಟು. ವಿಚಾರಣಾಧೀನರು ಇಷ್ಟು.
ಬಿಳಿ ಬಣ್ಣದಲ್ಲಿ ಗೆರೆ ಎಳೆದ ಪುಣ್ಯಾತ್ಮ
ಮೂರಕ್ಕೂ ಒಂದೇ ಅಗಲದ ಮನೆ ಬಿಟ್ಟಿದ್ದಾನೆ.
ನಾನು ಕೆಲಸಕ್ಕೆ ಸೇರಿದ ವರ್ಷ
ಕೊನೆಯ ಮನೆಯಲ್ಲಿ ಎರಡೇ ಅಂಕಿ, ಕಾಲು ಚಾಚಿ ಮಲಗುತ್ತಿದ್ದವು.
ಈಗ ಮೂರು. ಒಂದರ ಮೊಣಕೈ ಇನ್ನೊಂದರ ಪಕ್ಕೆಗೆ,
ಒಂದು ಮಗ್ಗುಲಾದರೆ ಮೂರೂ ಮಗ್ಗುಲಾಗಬೇಕು,
ನಾಲ್ಕನೇ ಬ್ಯಾರಕ್ಕಿನ ರಾತ್ರಿಯ ಹಾಗೆ.

ವರ್ಷಕ್ಕೊಮ್ಮೆ ಫಾರಂ ಬರುತ್ತದೆ, ದಿಲ್ಲಿಗೆ ಹೋಗುವಂಥದ್ದು.
ಎಲ್ಲ ಜೈಲುಗಳ ಮಂದಿಯನ್ನು ಒಟ್ಟು ಹಾಕಿ
ದೇಶದಿಂದ ಭಾಗಿಸುತ್ತಾರಂತೆ: ಲಕ್ಷಕ್ಕೆ ಎಷ್ಟು ಜನ?
ಭಾಗಾಕಾರ ನಾನು ಕಲಿತದ್ದು ಸಿರುಗುಪ್ಪದಲ್ಲಿ,
ಬೆತ್ತವಿಲ್ಲದೆ ಕಲಿಸುತ್ತಿದ್ದ ಸಂಗನಬಸಪ್ಪ ಮೇಷ್ಟ್ರ ಹತ್ತಿರ.
“ಶೇಷ ಉಳೀತಂದ್ರ ಒತ್ತಟ್ಟಿಗೆ ಬರಿ, ಚೆಲ್ಲಬ್ಯಾಡಲೇ.”
ಫಾರಮಿನಲ್ಲಿ ಶೇಷಕ್ಕೆ ಮನೆ ಇಲ್ಲ.
ಒಂದು ಚುಕ್ಕಿ, ಚುಕ್ಕಿಯ ಮುಂದೆ ಒಂದಂಕಿ. ಮುಗಿಯಿತು.

ಕೌಲ್ ಬಜಾರಿನ ಎರ್ರಿಸ್ವಾಮಿ ಚುಕ್ಕಿಯ ಮುಂದಿನವನು.
ಜೀನ್ಸಿಗೆ ಗುಂಡಿ ಬಡಿಯುತ್ತಿದ್ದ.
ಒಂದು ಥಾನು ಬಟ್ಟೆ ಕಾಣೆಯಾಯಿತು, ಇವನು ಕಂಡ.
ಜಾಮೀನು ಸಿಕ್ಕಿ ಹದಿನೆಂಟು ತಿಂಗಳು,
ಜಾಮೀನುದಾರ ಸಿಕ್ಕಿಲ್ಲ.
“ಪಹಣಿ ಇದ್ದ ಇಬ್ರು ಬೇಕಂತ್ರಿ ಸಾರ್.
ನಮ್ಮ ಓಣ್ಯಾಗ ಭೂಮಿ ಅಂದ್ರ ಕುಂಡಿ ಊರೋವಷ್ಟು,
ಅದೂ ಬಾಡಿಗೀದು.”
ಹೇಳಿ ನಗುತ್ತಾನೆ.
ಅವನ ಉಗುರ ಸಂದಿನ ನೀಲಿ ಹೋಗಿ ಬಹಳ ದಿನವಾಯಿತು.

ಒಂದು ವರ್ಷ ಪೇಪರಿನಲ್ಲಿ ಬಂತು: ಪ್ರಮಾಣ ಇಳಿದಿದೆ.
ಸಾಹೇಬರು ಪೇಡೆ ತರಿಸಿದರು.
ನಾನು ತಿಂದೆ, ಆಮೇಲೆ ಲೆಕ್ಕ ಹಾಕಿದೆ.
ಒಳಗೆ ಒಬ್ಬನೂ ಕಮ್ಮಿಯಾಗಿರಲಿಲ್ಲ.
ಹೊರಗೆ ಕೂಸುಗಳು ಹುಟ್ಟಿದ್ದವು, ಅಷ್ಟೆ.
ತೊಟ್ಟಿಲಲ್ಲಿ ಕಾಲು ಬಡಿಯುತ್ತ, ಎಲ್ಲ ಸೇರಿ
ನಮ್ಮ ಅಂಕಿಯನ್ನು ಕೆಳಗೆ ಜಗ್ಗಿದ್ದವು.
ಮತ್ತೊಂದು ಸಲ ರಾಯಚೂರಿಂದ ವ್ಯಾನು ಬಂತು, ಮೂವತ್ತೊಂದು ಜನ.
ಅಲ್ಲಿ ಇಳಿಯಿತು, ಇಲ್ಲಿ ಏರಿತು.
ದೇಶಕ್ಕೆ ಎಚ್ಚರವಾಗಲಿಲ್ಲ.

ಹೆಂಗಸರ ಕಡೆ ಎಣಿಕೆ ಸಂಜೆ ಆರಕ್ಕೆ.
ಒಬ್ಬೊಬ್ಬರೇ ಕೂಗಬೇಕು. ಹನ್ನೆರಡು, ಹದಿಮೂರು,
ಹೊನ್ನೂರಮ್ಮ ಹದಿನಾಲ್ಕು,
ಅವಳ ಸೊಂಟದ ಮೇಲಿಂದ ಇನ್ನೊಂದು ಕೊರಳು: “ಹದಿನೈದು!”
ವಾರ್ಡರ್ ದಾಕ್ಷಾಯಣಿ ನಕ್ಕು, ನಗು ನುಂಗಿ,
ಮೊದಲಿಂದ ಎಣಿಸುತ್ತಾಳೆ.
ಮೂರು ವರ್ಷದ ಆ ಹುಡುಗಿಗೆ ಆಪಾದನೆಯಿಲ್ಲ, ವಾಯಿದೆಯಿಲ್ಲ,
ನನ್ನ ಹಲಗೆಯ ಯಾವ ಮನೆಯೂ ಅವಳದಲ್ಲ.
ದಾಸ್ತಾನು ಪುಸ್ತಕದಲ್ಲಿ ಮಾತ್ರ ಇದ್ದಾಳೆ,
ಹಾಲು ಅರ್ಧ ಲೀಟರ್ ಎಂಬ ಹೆಸರಲ್ಲಿ.
ಅವಳು ಹತ್ತಿರದಿಂದ ನೋಡಿದ ಮರ ಒಂದೇ, ಬೇವು.
ಆದರೆ ಎಣಿಸಬಲ್ಲಳು, ಇಪ್ಪತ್ತರ ತನಕ.

ಮೊನ್ನೆ ಸೀಮೆಸುಣ್ಣ ಮುಗಿದಿತ್ತು.
ಸ್ಟೋರಿಗೆ ಹೋಗಿ, ಸಹಿ ಹಾಕಿ, ತರುವಷ್ಟರಲ್ಲಿ
ಹೊರಗೆ ಭೇಟಿಯ ಸಾಲು ಬೆಳೆದಿತ್ತು.
ಕಂಪ್ಲಿಯಿಂದ ಮೊದಲ ಬಸ್ಸಿಗೆ ಬಂದ ಹೆಂಗಸೊಬ್ಬಳು
ಬುತ್ತಿಗಂಟು ಎದೆಗವಚಿಕೊಂಡು
ಖಾಲಿ ಹಲಗೆಯನ್ನೇ ನೋಡುತ್ತಿದ್ದಳು.
“ಎಲ್ಲಾರ್ನೂ ಬಿಟ್ರೇನ್ರಿ?”

ಯಾರೂ ನಗಲಿಲ್ಲ.
ಸಾಲಿನಲ್ಲಿ ಕೆಲವರು ಕುತ್ತಿಗೆ ಚಾಚಿ ಗೇಟಿನತ್ತ ನೋಡಿದರು.
ನಾನೂ ನೋಡಿದೆನೆನ್ನಿ.

ಒರೆಸಿದ ಒದ್ದೆ ಆಗಲೇ ಆರಿತ್ತು.
ಜಾಗ ಇಷ್ಟು, ಎಂದು ಶುರು ಮಾಡಿದೆ.